ಕಲಿತ ನಾಯಿ ಮತ್ತೆ ಮನೆಯೊಳಗೆ ಉಚ್ಚೆ ಮಾಡತೊಡಗಿದಾಗ

ನಮ್ಮ ನಾಯಿ ಗುಬ್ಬಿಯ ಪಾಟಿ ಟ್ರೈನಿಂಗ್, ಅಂದರೆ ಉಚ್ಚೆಗೆ ಹೊರಗೇ ಹೋಗಬೇಕು ಅಂತ ಕಲಿಸುವುದು, ಯಾವತ್ತು ಮುಗಿಯಿತು ಅಂತ ಕೇಳಿದರೆ ಹೇಳುವುದು ಕಷ್ಟ. ಇಂಥ ದಿನ ಮುಗಿಯಿತು ಅನ್ನುವಂಥದ್ದಲ್ಲ ಅದು. ನೆಲ ಒರೆಸುವ ಬಟ್ಟೆ ಕೈಗೆ ಸಿಗುವ ಜಾಗ ಬಿಟ್ಟು ಮೂಲೆ ಸೇರುತ್ತದೆ. ಸುತ್ತಿಟ್ಟಿದ್ದ ಕಾರ್ಪೆಟ್ಟನ್ನು ಯಾರೋ ಮತ್ತೆ ಹಾಲ್‌ನಲ್ಲಿ ಹಾಸುತ್ತಾರೆ. ನಡುರಾತ್ರಿ ಎದ್ದು ಹೊರಗೆ ಕರೆದುಕೊಂಡು ಹೋಗುವುದು ನಿಂತುಹೋಗುತ್ತದೆ. ಆರು ತಿಂಗಳಾಗುವಷ್ಟರಲ್ಲಿ ಗುಬ್ಬಿ ಬಾಗಿಲ ಹತ್ತಿರ ಹೋಗಿ ನಿಂತು, ಕತ್ತು ತಿರುಗಿಸಿ ನಮ್ಮ ಮುಖ ನೋಡುವುದನ್ನು ಕಲಿತಿದ್ದಳು. ನಾಯಿ ಸಾಕಿದವರಿಗೆ ಅಷ್ಟಾದರೆ ಅರ್ಧ ಗೆದ್ದ ಹಾಗೆ.

ಒಂಬತ್ತನೇ ತಿಂಗಳಲ್ಲಿ ಅವಳು ಮತ್ತೆ ಮನೆಯೊಳಗೆ ಉಚ್ಚೆ ಮಾಡತೊಡಗಿದಳು. ಮುನ್ಸೂಚನೆ ಏನೂ ಇರಲಿಲ್ಲ. ಊಟ ಅದೇ, ಮನೆ ಅದೇ, ಹೊರಗೆ ಹೋಗುವ ಹೊತ್ತೂ ಅದೇ. ಮೊದಲು ಅಡುಗೆಮನೆ ಬಾಗಿಲಲ್ಲಿ ಅಂಗೈಯಗಲ ಒದ್ದೆ. ಸಂಜೆ ಸೋಫಾ ಪಕ್ಕ ಇನ್ನೊಂದು. ಮಾರನೇ ದಿನ ಕಾರ್ಪೆಟ್ ಮೇಲೆ.

ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕಾರಣ ಹೊಳೆಯಿತು. "ಮುದ್ದು ಜಾಸ್ತಿ ಆಯ್ತು ಕಣಮ್ಮಾ, ಅದಕ್ಕೇ ತಲೆ ಮೇಲೆ ಕೂತಿದ್ದಾಳೆ" ಅಂದರು ಅತ್ತೆ. ರಜೆ ಮುಗಿದು ತಾನು ಸ್ಕೂಲಿಗೆ ಹೋಗುತ್ತಿರುವುದಕ್ಕೆ ಗುಬ್ಬಿಗೆ ಸಿಟ್ಟು ಅಂತ ಮಗ. "ವಯಸ್ಸಿಗೆ ಬಂದಿದ್ದಾಳಲ್ಲ, ಇನ್ನು ಮೇಲೆ ಹೀಗೇ ಮೊಂಡಾಟ" ಅಂತ ನನ್ನ ಗಂಡ. ಮೂರೂ ಕೇಳುವುದಕ್ಕೆ ಸರಿ ಅನ್ನಿಸುತ್ತವೆ. ಮೂರರಲ್ಲೂ ನಾಯಿ ಬೇಕಂತಲೇ ಮಾಡುತ್ತಿದೆ ಅನ್ನುವ ಅರ್ಥ ಇದೆ. ಅದನ್ನು ಮಾತ್ರ ಒಪ್ಪಲು ನನಗೆ ಆಗಲಿಲ್ಲ. ನಮಗೆ ಬುದ್ಧಿ ಕಲಿಸಬೇಕು ಅಂತ ಕಾರ್ಪೆಟ್ ಮೇಲೆ ಹೊಯ್ಯಬೇಕಾದರೆ, ಉಚ್ಚೆ ಹೊಲಸು, ಅದನ್ನು ಕಂಡರೆ ಇವರಿಗೆ ಆಗುವುದಿಲ್ಲ ಅಂತ ಮೊದಲು ನಾಯಿಗೆ ಗೊತ್ತಿರಬೇಕು. ನಾಯಿಗೆ ಉಚ್ಚೆ ಹೊಲಸಲ್ಲ. ಬೇರೆ ನಾಯಿಯ ಉಚ್ಚೆ ಸಿಕ್ಕರೆ ನಿಂತು, ಬಗ್ಗಿ, ಪೇಪರ್ ಓದುವಷ್ಟು ಹೊತ್ತು ಮೂಸುವ ಪ್ರಾಣಿ ಅದು.

ಹಾಗಾಗಿ ಯಾಕೆ ಅನ್ನುವ ಪ್ರಶ್ನೆಯನ್ನು ಸ್ವಲ್ಪ ದಿನ ಪಕ್ಕಕ್ಕಿಟ್ಟೆ. ಮಗನ ಹಳೇ ನೋಟ್‌ಬುಕ್ ಒಂದನ್ನು ಫ್ರಿಜ್ ಮೇಲಿಟ್ಟು, ಒದ್ದೆ ಕಂಡವರೆಲ್ಲ ಅದರಲ್ಲಿ ಬರೆಯಬೇಕು ಅಂದೆ. ಎಷ್ಟು ಹೊತ್ತಿಗೆ, ಎಲ್ಲಿ, ಎಷ್ಟು, ಅದಕ್ಕೆ ಮುಂಚೆ ಅವಳು ಏನು ಮಾಡುತ್ತಿದ್ದಳು, ಎಚ್ಚರ ಇದ್ದಳಾ ಮಲಗಿದ್ದಳಾ. ಅತ್ತೆ ನಕ್ಕರು. ಆದರೆ ಎಲ್ಲರಿಗಿಂತ ಚೆನ್ನಾಗಿ ಬರೆದವರು ಅವರೇ. "ಮಧ್ಯಾಹ್ನ, ಸೋಫಾ ಪಕ್ಕ, ಎರಡು ಚಮಚ, ಕೂತು ಎದ್ದು ಮತ್ತೆ ಕೂತಳು" ಅಂತ ಒಂದು ಸಾಲು ಇತ್ತು. ಆಮೇಲೆ ಡಾಕ್ಟರು ಬೆರಳಿಟ್ಟಿದ್ದು ಅದೇ ಸಾಲಿನ ಮೇಲೆ.

ಒದ್ದೆಯಲ್ಲಿ ಬೇರೆ ಬೇರೆ ಬಗೆ ಇರುತ್ತವೆ. ನಾಯಿ ಮಲಗಿ ಎದ್ದ ಜಾಗ, ಹಿಂಗಾಲು, ಬಾಲದ ಬುಡ ಒದ್ದೆಯಾಗಿದ್ದರೆ ಅದು ಸೋರಿಕೆ. ನಾಯಿಗೆ ಗೊತ್ತೇ ಆಗದೆ ಹೋಗಿರುತ್ತದೆ. ಚಿಕ್ಕ ಮರಿಯಿಂದಲೂ ಹೀಗೆ ತೊಟ್ಟಿಕ್ಕುತ್ತಲೇ ಇದ್ದರೆ, ಕಿಡ್ನಿಯಿಂದ ಬರುವ ನಾಳ ಮೂತ್ರಕೋಶಕ್ಕೆ ಸೇರಬೇಕಾದ ಕಡೆ ಸೇರದೆ ಬೇರೆಲ್ಲೋ ಕೂಡಿಕೊಂಡಿರಬಹುದು. ಇದು ಹೆಣ್ಣು ನಾಯಿಗಳಲ್ಲೇ ಜಾಸ್ತಿ. ಮರಿ ಆಗದ ಹಾಗೆ ಆಪರೇಷನ್ ಆದ ಕೆಲವು ಹೆಣ್ಣು ನಾಯಿಗಳಲ್ಲಿ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ನಿದ್ದೆಯಲ್ಲಿ ಸೋರುವುದು ಶುರುವಾಗುತ್ತದೆ. ಅದಕ್ಕೆ ಮಾತ್ರೆ ಇದೆ. ಗೋಡೆಗೋ ಕುರ್ಚಿ ಕಾಲಿಗೋ ಒಂಚೂರು ಚಿಮುಕಿಸಿ ಹೋದರೆ ಗುರುತು ಹಾಕುವುದು. ವಯಸ್ಸಿಗೆ ಬಂದ ಗಂಡು ನಾಯಿಗಳದ್ದೇ ಇದರಲ್ಲಿ ಮೇಲುಗೈ, ಹೆಣ್ಣು ನಾಯಿಗಳೂ ಮಾಡುತ್ತವೆ. ಯಾರೋ ಬಂದಾಗ ಬಾಲ ಆಡಿಸುತ್ತಾ, ಮೈ ಕುಗ್ಗಿಸಿಕೊಂಡು ಹೋದರೆ ಅದು ಖುಷಿಯದ್ದೋ ಹೆದರಿಕೆಯದ್ದೋ ಉಚ್ಚೆ. ಇದ್ಯಾವುದೂ ಅಲ್ಲದೆ ಒಂದೇ ಸಲ ದೊಡ್ಡ ಮಡುವಾಗಿದ್ದರೆ, ನಾಯಿ ಸುಮ್ನೆ ಟಾಯ್ಲೆಟ್‌ಗೆ ಹೋಗಿದೆ. ಜಾಗ ಮಾತ್ರ ತಪ್ಪಿದೆ.

ಗುಬ್ಬಿಯದ್ದು ಸ್ವಲ್ಪ ಸ್ವಲ್ಪ, ಪದೇ ಪದೇ. ಎಚ್ಚರ ಇದ್ದಾಗಲೇ, ಸರಿಯಾಗಿ ಕುಕ್ಕರಗಾಲಲ್ಲಿ ಕೂತು. ಎದ್ದು ನಾಲ್ಕು ಹೆಜ್ಜೆ ಹೋಗಿ ಮತ್ತೆ ಕೂರುವುದು. ಒಮ್ಮೊಮ್ಮೆ ಕೂತರೂ ಏನೂ ಬರುತ್ತಿರಲಿಲ್ಲ. ಕೆಳಗೆ ನೆಕ್ಕಿಕೊಳ್ಳುವುದೂ ಜಾಸ್ತಿಯಾಗಿತ್ತು. ಇಷ್ಟು ನೋಡಿದ ಮೇಲೆ ಟ್ರೈನಿಂಗ್ ಮಾತು ಬಿಟ್ಟು ಆಸ್ಪತ್ರೆಗೆ ಫೋನ್ ಮಾಡಿದೆವು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಾಯಿ ಮುಕ್ಕರಿಸುತ್ತಿದೆ, ಆದರೆ ಒಂದು ತೊಟ್ಟೂ ಬರುತ್ತಿಲ್ಲ ಅಂತಾದರೆ ನೋಟ್‌ಬುಕ್ಕೂ ಬೇಡ, ನಾಳೆ ನೋಡೋಣವೂ ಬೇಡ. ಅದರಲ್ಲೂ ಗಂಡು ನಾಯಿಯಾದರೆ ಕಲ್ಲು ಅಡ್ಡ ಸಿಕ್ಕಿರಬಹುದು. ಅದು ಆಗಲೇ ಓಡಬೇಕಾದ ಕೇಸು.

ಡಾಕ್ಟರು ಫೋನಲ್ಲೇ ಎರಡು ಕೆಲಸ ಹೇಳಿದರು. ಮೊದಲನೆಯದು, ಬರುವ ಮುಂಚೆ ಒಂದು ಇಡೀ ದಿನ ಅವಳು ಎಷ್ಟು ನೀರು ಕುಡಿಯುತ್ತಾಳೆ ಅಂತ ಅಳೆಯುವುದು. ಬೆಳಿಗ್ಗೆ ಬಟ್ಟಲಿಗೆ ಅಳೆದು ಹಾಕಿ, ಮತ್ತೆ ಹಾಕಿದ್ದನ್ನೂ ಬರೆದಿಟ್ಟು, ಮಾರನೇ ಬೆಳಿಗ್ಗೆ ಉಳಿದಿದ್ದನ್ನು ಕಳೆಯಬೇಕು. ಸಾಮಾನ್ಯವಾಗಿ ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 50ರಿಂದ 60 ಮಿಲಿಲೀಟರ್ ಆಸುಪಾಸು ಇರುತ್ತದಂತೆ. ಸೆಕೆ, ಓಡಾಟ, ಒಣ ಆಹಾರ ಇದ್ದರೆ ಸ್ವಲ್ಪ ಏರುತ್ತದೆ. 100 ದಾಟಿದರೆ ಅದು ನಿಜಕ್ಕೂ ಜಾಸ್ತಿ. ಆಗ ಹುಡುಕುವ ದಾರಿಯೇ ಬೇರೆ: ಕಿಡ್ನಿ, ಸಕ್ಕರೆ ಕಾಯಿಲೆ, ಹಾರ್ಮೋನ್. ತುರಿಕೆಗೆ ಕೊಡುವ ಸ್ಟಿರಾಯ್ಡ್ ಮಾತ್ರೆಯಿಂದಲೂ ನಾಯಿ ಬಕೆಟ್‌ಗಟ್ಟಲೆ ಕುಡಿದು ಅಷ್ಟೇ ಹೊಯ್ಯುತ್ತದೆ. ಗುಬ್ಬಿ 14 ಕೆ.ಜಿ. ಇದ್ದಳು. 1.4 ಲೀಟರ್ ಮೇಲೆ ಹೋದರೆ ಯೋಚನೆ ಮಾಡಬೇಕಿತ್ತು. ಅದರ ಹತ್ತಿರಕ್ಕೂ ಹೋಗಿರಲಿಲ್ಲ. ಉಚ್ಚೆ ಮಾಡುತ್ತಾಳೆ ಅಂತ ನೀರಿನ ಬಟ್ಟಲು ಎತ್ತಿಡುವ ಯೋಚನೆ ಮನೆಯಲ್ಲಿ ಬಂದಿತ್ತು. ಡಾಕ್ಟರು ಕೇಳಿದ ತಕ್ಷಣ ಬೇಡ ಅಂದರು.

ಎರಡನೇ ಕೆಲಸ, ಬೆಳಗಿನ ಮೊದಲ ಉಚ್ಚೆ ಹಿಡಿದು ತರುವುದು. ರಾತ್ರಿಯಿಡೀ ಕೂಡಿಕೊಂಡದ್ದು ಗಟ್ಟಿಯಾಗಿರುತ್ತದೆ, ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತಲೂ ಅದರಿಂದ ಗೊತ್ತಾಗುತ್ತದೆ. ಹಿಡಿಯುವುದು ಹೇಗೆ ಅಂತ ಮಾತ್ರ ಅವರು ಹೇಳಲಿಲ್ಲ. ಹೆಣ್ಣು ನಾಯಿ ಕೂರುವಾಗ ನೆಲಕ್ಕೂ ಮೈಗೂ ನಡುವೆ ನಾಲ್ಕು ಬೆರಳು ಜಾಗ ಇದ್ದರೆ ಹೆಚ್ಚು. ಬಾಟಲಿ ಹಿಡಿದು ಬಗ್ಗಿದರೆ ಗುಬ್ಬಿ ಎದ್ದು ನಿಂತು, ಏನು ಆಟ ಇದು ಅಂತ ತಿರುಗಿ ನೋಡುತ್ತಿದ್ದಳು. ತಟ್ಟೆ ಹಿಡಿದರೆ ತಿಂಡಿ ಅಂದುಕೊಂಡು ಅದರಲ್ಲೇ ಮೂತಿ ಇಟ್ಟಳು. ಕೊನೆಗೆ ಉದ್ದ ಹಿಡಿಯ ಸೌಟನ್ನು ಬಿಸಿ ನೀರಲ್ಲಿ ತೊಳೆದು, ಒರೆಸಿ, ಬೆನ್ನ ಹಿಂದೆ ಅಡಗಿಸಿಕೊಂಡು ಹೋದೆ. ಮುಖ ಬೇರೆ ಕಡೆ ತಿರುಗಿಸಿ, ನನಗೂ ಇದಕ್ಕೂ ಸಂಬಂಧ ಇಲ್ಲ ಅನ್ನುವ ಹಾಗೆ ನಿಂತೆ. ಅವಳು ಕೂತು ಧಾರೆ ಶುರುವಾದ ಮೇಲೆ ಹಿಂದಿನಿಂದ ಸೌಟು ಜಾರಿಸಿದೆ. ಮೊದಲೇ ಒಡ್ಡಿದರೆ ನಿಲ್ಲಿಸಿಬಿಡುತ್ತವೆ, ಶುರುವಾದ ಮೇಲೆ ಅಷ್ಟು ಸುಲಭಕ್ಕೆ ನಿಲ್ಲಿಸುವುದಿಲ್ಲ. ಎರಡು ಚಮಚದಷ್ಟು ಸಿಕ್ಕಿತು. ಬೆಳಕಿಗೆ ಹಿಡಿದು ನೋಡಿದರೆ ಕದಡಿದ ಹಾಗಿತ್ತು, ಅಂಚಲ್ಲಿ ತೆಳು ಗುಲಾಬಿ ಬಣ್ಣ. ಅತ್ತೆ ಕಿಟಕಿಯಿಂದಲೇ "ಆ ಸೌಟು ಇನ್ನು ಅಡುಗೆಮನೆಗೆ ಬರಕೂಡದು" ಅಂತ ಕೂಗಿದರು.

ಹಿಡಿದ ಉಚ್ಚೆಯನ್ನು ಒಂದು ಗಂಟೆಯೊಳಗೆ ಕೊಟ್ಟರೆ ಒಳ್ಳೆಯದು. ಆಗದಿದ್ದರೆ ಮುಚ್ಚಿ ಫ್ರಿಜ್‌ನಲ್ಲಿಡಬೇಕು, ಇಟ್ಟಿದ್ದನ್ನು ಹೇಳಲೂ ಬೇಕು. ತಣ್ಣಗಾದ ಉಚ್ಚೆಯಲ್ಲಿ ಹರಳುಗಳು ತಾವಾಗಿಯೇ ಕಟ್ಟಬಹುದು. ನೋಡಿದವರಿಗೆ ಹೊಟ್ಟೆಯೊಳಗೇ ಇದ್ದವೇನೋ ಅನ್ನಿಸುತ್ತದೆ.

ಡಾಕ್ಟರು ಉಚ್ಚೆಯಲ್ಲಿ ಟೆಸ್ಟ್ ಪಟ್ಟಿ ಅದ್ದಿ ನೋಡಿದರು, ಮೈಕ್ರೋಸ್ಕೋಪಲ್ಲಿ ನೋಡಿದರು. ರಕ್ತ ಇತ್ತು, ಕೀವಿನ ಕಣ ಇತ್ತು, ಬ್ಯಾಕ್ಟೀರಿಯಾ ಇತ್ತು. ಮೂತ್ರಕೋಶದ ಇನ್ಫೆಕ್ಷನ್. ಹೆಣ್ಣು ನಾಯಿಗಳಲ್ಲಿ ಮೂತ್ರನಾಳ ಗಿಡ್ಡ ಮತ್ತು ಅಗಲ, ಹಾಗಾಗಿ ಹೊರಗಿನ ಬ್ಯಾಕ್ಟೀರಿಯಾಕ್ಕೆ ದಾರಿ ಹತ್ತಿರ. ಹೆಚ್ಚಿನ ಸಲ ಸಿಗುವುದು ಕರುಳಲ್ಲೇ ಇರುವ ಇ. ಕೋಲೈ. ಯಾವ ಔಷಧಿಗೆ ಅದು ಬಗ್ಗುತ್ತದೆ ಅಂತ ತಿಳಿಯಲು ಕಲ್ಚರ್ ಮಾಡಬೇಕು, ಅಂದರೆ ಆ ಬ್ಯಾಕ್ಟೀರಿಯಾವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡಬೇಕು. ಅದಕ್ಕೆ ಸೌಟಿನ ಉಚ್ಚೆ ನಡೆಯುವುದಿಲ್ಲ. ದಾರಿಯಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಎಲ್ಲ ಅದರಲ್ಲಿ ಸೇರಿರುತ್ತದೆ. ಹಾಗಾಗಿ ಸ್ಕ್ಯಾನಿಂಗ್ ಮಾಡುತ್ತಾ ಹೊಟ್ಟೆಯ ಮೇಲಿನಿಂದಲೇ ಸಣ್ಣ ಸೂಜಿಯಲ್ಲಿ ಮೂತ್ರಕೋಶದಿಂದ ನೇರ ತೆಗೆದರು. ಕೇಳಿದಾಗ ನನ್ನ ಹೊಟ್ಟೆಯೇ ಹಿಂಡಿತು. ಗುಬ್ಬಿ ಅಂಗಾತ ಮಲಗಿ ಜೆಲ್ ನೆಕ್ಕುವುದರಲ್ಲೇ ಇದ್ದಳು.

"ಡಾಕ್ಟ್ರೇ, ಹಾಗಾದ್ರೆ ಇದು ಹಠ ಅಲ್ವಾ?" ಅಂತ ನನ್ನ ಗಂಡ ಕೇಳಿದರು. ಅವರು ನಕ್ಕು, "ನಿಮಗೇ ಹೀಗೆ ಆಗಿದ್ರೆ ಬಾಗಿಲು ತೆಗೀಲಿ ಅಂತ ಕಾಯೋಕೆ ಆಗ್ತಿತ್ತಾ ಸಾರ್?" ಅಂದರು.

ಆಂಟಿಬಯೋಟಿಕ್ ಕೊಟ್ಟರು. ಉರಿ ಇಳಿದ ಕೂಡಲೇ ನಿಲ್ಲಿಸಬೇಡಿ, ಹೇಳಿದಷ್ಟು ಮುಗಿಸಿ ಅಂದರು. ಮನೆಯಲ್ಲಿರುವ ನಮ್ಮ ನೋವಿನ ಮಾತ್ರೆ ಮಾತ್ರ ಮುಟ್ಟಿಸಬೇಡಿ ಅಂತ ಎರಡೆರಡು ಸಲ ಹೇಳಿದರು. ಐಬುಪ್ರೊಫೆನ್ ನಾಯಿಗೆ ವಿಷ. ಮಾತ್ರೆ ನುಂಗಿಸುವ ಕಥೆ ಎಲ್ಲರಿಗೂ ಗೊತ್ತಿರುವುದೇ, ಬಿಡಿ.

ಮಾತ್ರೆ ಶುರು ಮಾಡಿದ ಮೇಲೆ ಪದೇ ಪದೇ ಕೂರುವುದು ಬೇಗ ನಿಂತಿತು. ಬಣ್ಣ ತಿಳಿಯಾಯಿತು. ನೆಕ್ಕುವುದು ಕಡಿಮೆಯಾಯಿತು. ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನೆಲ್ಲ ಬರೆಯುತ್ತಲೇ ಇರಲಿಲ್ಲ. ಕಾಯಿಲೆ ಹೋದ ಮೇಲೂ ಕಾರ್ಪೆಟ್ ಒದ್ದೆಯಾಗುವುದು ನಿಲ್ಲಲಿಲ್ಲ.

ಆದರೆ ನೋಟ್‌ಬುಕ್‌ನಲ್ಲಿ ಬರಹ ಬದಲಾಗಿತ್ತು. ಮುಂಚೆ ಮನೆ ತುಂಬ ಚಮಚದ ಲೆಕ್ಕ. ಈಗ ದಿನಕ್ಕೆ ಒಂದೇ ಸಲ, ಒಂದೇ ಜಾಗ, ದೊಡ್ಡ ಮಡು. ಅದೂ ಸಂಜೆ ಹೊರಗೆ ಹೋಗಿ ಬಂದ ಸ್ವಲ್ಪ ಹೊತ್ತಿಗೇ. ಡಾಕ್ಟರು ಮತ್ತೊಮ್ಮೆ ಟೆಸ್ಟ್ ಮಾಡಿದರು. ಏನೂ ಇರಲಿಲ್ಲ. ಈ ಟೆಸ್ಟ್ ಸುಮ್ನೆ ದುಡ್ಡು ದಂಡ ಅಂತ ಕೆಲವರಿಗೆ ಅನ್ನಿಸಬಹುದು. ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು. ಅದು ಇಲ್ಲದಿದ್ದರೆ ಪ್ರತಿ ಒದ್ದೆಗೂ ಇನ್ನೂ ವಾಸಿಯಾಗಿಲ್ಲವೇನೋ ಅಂತ ಒದ್ದಾಡುತ್ತಿದ್ದೆವು. ಇಲ್ಲವೇ ನಿಜವಾಗಿ ನೋವಿರುವ ನಾಯಿಗೆ ಪಾಠ ಹೇಳುತ್ತಿದ್ದೆವು.

ಯೋಚನೆ ಮಾಡಿದರೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಕಾಯಿಲೆ ಇದ್ದಷ್ಟು ದಿನ ಗುಬ್ಬಿ ಎರಡು ವಿಷಯ ಕಲಿತಿದ್ದಳು. ಒಂದು, ಕಾರ್ಪೆಟ್ ಮೇಲೆ ಹೋಗಬಹುದು. ಮರಿಗಳು ಜಾಗವನ್ನು ಪಾದದಡಿಯ ಸ್ಪರ್ಶದಿಂದಲೂ ಕಲಿಯುತ್ತವೆ. ಮೆತ್ತಗಿದೆ, ಹೀರಿಕೊಳ್ಳುತ್ತದೆ, ಕಾಲಿಗೆ ಸಿಡಿಯುವುದಿಲ್ಲ. ಹುಲ್ಲಿಗೂ ಕಾರ್ಪೆಟ್ಟಿಗೂ ನಾಯಿಯ ಪಾದಕ್ಕೆ ಹೆಚ್ಚು ವ್ಯತ್ಯಾಸ ಇಲ್ಲ. ಇನ್ನೊಂದು, ಹೊರಗೆ ಅವಳು ಯಾವಾಗಲೂ ಹೋಗುತ್ತಿದ್ದ ಆ ಹುಲ್ಲಿನ ಮೂಲೆಗೆ ಹೋದರೆ ಉರಿಯುತ್ತದೆ. ಉರಿದದ್ದು ಒಳಗಿನ ಬಾವಿನಿಂದ ಅಂತ ನಾಯಿಗೆ ಹೇಗೆ ಗೊತ್ತಾಗಬೇಕು? ಹುಲ್ಲಿನ ಮೇಲೆ ಕೂತಾಗ ನೋವಾಯಿತು, ಅಷ್ಟೇ. ಆ ಮೂಲೆ ಹತ್ತಿರ ಬಂದ ಕೂಡಲೇ ಅವಳು ಹೆಜ್ಜೆ ನಿಧಾನ ಮಾಡಿ, ಕಿವಿ ಹಿಂದಕ್ಕೆ ಹಾಕಿ, ಬಳಸಿಕೊಂಡು ಹೋಗುತ್ತಿದ್ದಳು. ಇದನ್ನು ಮೊದಲು ಕಂಡವನು ಮಗ. "ಅಮ್ಮಾ, ಗುಬ್ಬಿ ಆ ಜಾಗಾನ ಬೈಪಾಸ್ ಮಾಡ್ತಾಳೆ" ಅಂದ.

ಇದು ತಿಳಿದ ಮೇಲೆ ಕೆಲಸ ಎರಡು ಕಡೆ ಆಯಿತು, ಒಳಗೊಂದು ಹೊರಗೊಂದು. ಒಳಗಿನದು ವಾಸನೆ.

ನಾವು ಆ ಕಾರ್ಪೆಟ್ಟನ್ನು ತೊಳೆದಿದ್ದೆವು, ಒಣಗಿಸಿದ್ದೆವು. ಮೂಗು ತಾಗಿಸಿ ನೋಡಿದರೂ ನಮಗೇನೂ ವಾಸನೆ ಇಲ್ಲ. ನಾಯಿಯ ಮೂಗಿನ ಮುಂದೆ ನಮ್ಮದು ಏನೇನೂ ಅಲ್ಲ. ಒಂದು ರಾತ್ರಿ ಹಾಲ್‌ನ ಲೈಟೆಲ್ಲ ಆರಿಸಿ ಯು.ವಿ. (ನೇರಳಾತೀತ ಬೆಳಕಿನ) ಟಾರ್ಚ್ ಬಿಟ್ಟೆವು. ಒಣಗಿದ ಉಚ್ಚೆ ಆ ಬೆಳಕಲ್ಲಿ ಮಂದ ಹಳದಿ ಹಸಿರಾಗಿ ಹೊಳೆಯುತ್ತದೆ. ಕಾರ್ಪೆಟ್ ನಡುವೆ ಒಂದರ ಮೇಲೊಂದು ಬಿದ್ದ ಉಂಗುರಗಳು ಕಂಡವು. ಕಾರ್ಪೆಟ್ ಎತ್ತಿ ನೋಡಿದರೆ ಅಡಿಯ ಮೆತ್ತೆಯ ಮೇಲೆ ಅವೇ ಉಂಗುರ, ಇನ್ನೂ ಅಗಲ. ನಾವು ತೊಳೆದದ್ದು ಮೇಲಿನ ಹಾಸನ್ನು ಮಾತ್ರ, ಕೆಳಗೆ ಇಳಿದದ್ದು ಹಾಗೇ ಇತ್ತು. ಸೋಫಾ ಕಾಲಿನ ಬುಡದಲ್ಲಿ ಯಾರೂ ಬರೆಯದ ಒಂದು ಕಲೆ ಇತ್ತು. ಗೋಡೆ ಬದಿ ಹೊಳೆದ ಒಂದು ದೊಡ್ಡ ತೇಪೆ ಮಾತ್ರ ಉಚ್ಚೆಯದ್ದಲ್ಲ, ಸೋಪಿನ ನೀರು ಒಣಗಿದ್ದು. ಸೋಪಿನ ಪುಡಿಯೂ ಈ ಬೆಳಕಲ್ಲಿ ಹೊಳೆಯುತ್ತದೆ. ಅದನ್ನು ಕಂಡು ಗುಬ್ಬಿಗೆ ಬೈಯುವುದು ಬೇಡ.

ಮಾಮೂಲಿ ನೆಲ ಒರೆಸುವ ದ್ರಾವಣ ನಮ್ಮ ಮೂಗಿಗೆ ಘಮಘಮ ಅನ್ನಿಸುತ್ತದೆ, ನಾಯಿಗೆ ಅದರ ಕೆಳಗಿನದು ಬರುತ್ತಲೇ ಇರುತ್ತದೆ. ಅಮೋನಿಯಾ ಇರುವ ಕ್ಲೀನರ್ ಅಂತೂ ಬೇಡವೇ ಬೇಡ. ಉಚ್ಚೆ ಹಳತಾದಾಗ ಬರುವ ಘಾಟೂ ಅದೇ. ಬ್ಲೀಚ್ ಮೇಲೆ ಅಮೋನಿಯಾ ಅಥವಾ ಉಚ್ಚೆ ಬಿದ್ದರೆ ಕೆಟ್ಟ ಗ್ಯಾಸ್ ಏಳುತ್ತದೆ, ಎದೆ ಹಿಡಿದುಕೊಳ್ಳುತ್ತದೆ. ಬೇಕಾಗಿರುವುದು ಎನ್‌ಜೈಮ್ ಕ್ಲೀನರ್. ಅದು ವಾಸನೆಯನ್ನು ಮುಚ್ಚುವುದಿಲ್ಲ, ವಾಸನೆ ಕೊಡುವ ಪದಾರ್ಥವನ್ನೇ ಒಡೆಯುತ್ತದೆ. ಅದಕ್ಕೆ ಹೊತ್ತು ಬೇಕು. ಚಿಮುಕಿಸಿ ತಕ್ಷಣ ಒರೆಸಿದರೆ ದಂಡ. ಮೊದಲು ಹಳೆಯ ಸೋಪು ಹೋಗುವ ಹಾಗೆ ಬರೀ ನೀರಲ್ಲಿ ತೊಳೆದೆವು. ಉಚ್ಚೆ ಎಷ್ಟು ಆಳಕ್ಕೆ ಇಳಿದಿತ್ತೋ ಅಷ್ಟು ಆಳಕ್ಕೂ ಇಳಿಯುವ ಹಾಗೆ ಕ್ಲೀನರ್ ಸುರಿದೆವು. ಬಾಟಲಿ ಮೇಲೆ ಬರೆದಷ್ಟು ಹೊತ್ತು ಒದ್ದೆಯಾಗಿಯೇ ಬಿಟ್ಟು, ಆಮೇಲೆ ಒಣಗಲು ಬಿಟ್ಟೆವು. ಮೆತ್ತೆ ಮಾತ್ರ ಎಸೆದೆವು. ಕಾರ್ಪೆಟ್ಟನ್ನು ಸುತ್ತಿ ಅಟ್ಟ ಸೇರಿಸಿದೆವು. ಅದು ಕಣ್ಣೆದುರು ಇರುವಷ್ಟು ದಿನ ನಾಯಿಗೆ ಅದೊಂದು ಬೋರ್ಡ್ ಹಾಕಿದ ಟಾಯ್ಲೆಟ್.

ಹೊರಗಿನ ಕೆಲಸ ಇದಕ್ಕಿಂತ ನಿಧಾನ. ಹಳೇ ಮೂಲೆಗೆ ಎಳೆದುಕೊಂಡು ಹೋಗುವುದನ್ನು ಬಿಟ್ಟೆವು. ಬೇರೆ ದಿಕ್ಕಲ್ಲಿ ಹೊಸ ಜಾಗ ನೋಡಿದೆವು, ಹುಲ್ಲಿಗಿಂತ ಮಣ್ಣು ಜಾಸ್ತಿ ಇರುವ ಕಡೆ. ಅಲ್ಲಿ ನೋವಿನ ನೆನಪು ಇರಲಿಲ್ಲ. ಮೊದಮೊದಲು ಅವಳು ಮೂಸುವುದರಲ್ಲೇ ಕಾಲ ಕಳೆಯುತ್ತಿದ್ದಳು. ಹಗ್ಗ ಗಿಡ್ಡ ಮಾಡಿ, ನಾನು ಒಂದೇ ಕಡೆ ಮರದ ಹಾಗೆ ನಿಲ್ಲುತ್ತಿದ್ದೆ. ಮಾತಿಲ್ಲ, ಆಟ ಇಲ್ಲ. ನಾಯಿಗೆ ಬೇಜಾರಾಗಬೇಕು. ಬೇಜಾರಾದ ನಾಯಿಗೆ ಮೂತ್ರಕೋಶ ನೆನಪಾಗುತ್ತದೆ. ಕೂತು ಮುಗಿಸಿದ ಕ್ಷಣಕ್ಕೇ, ಅಲ್ಲೇ, ಜೇಬಿಂದ ಒಂದು ತುಣುಕು ತಿಂಡಿ. ಮನೆಗೆ ಬಂದು ಕೊಟ್ಟರೆ ಮನೆಗೆ ಬಂದದ್ದಕ್ಕೆ ಬಹುಮಾನ ಅಂತ ಅದಕ್ಕೆ ಅರ್ಥವಾಗುತ್ತದೆ.

ಸಂಜೆಯ ಸುತ್ತಾಟದ ನಂತರವೇ ಯಾಕೆ ಒದ್ದೆಯಾಗುತ್ತಿತ್ತು ಅನ್ನುವುದೂ ಇಲ್ಲೇ ಬಿಡಿಸಿಕೊಂಡಿತು. ಸಂಜೆ ಕರೆದುಕೊಂಡು ಹೋಗುವವರು ನನ್ನ ಗಂಡ. ಕೆಲಸ ಮುಗಿಸಿ ಬಂದ ದಣಿವು, ಗುಬ್ಬಿ ಉಚ್ಚೆ ಮಾಡಿದ ಕೂಡಲೇ ಮನೆಗೆ ವಾಪಸ್. ನಾಯಿಗಳು ಈ ಲೆಕ್ಕವನ್ನು ಬಹಳ ಬೇಗ ಹಿಡಿಯುತ್ತವೆ: ಮಾಡಿದರೆ ಸುತ್ತಾಟ ಮುಗಿಯುತ್ತದೆ, ತಡೆದರೆ ಇನ್ನೂ ಸ್ವಲ್ಪ ಹೊತ್ತು. ಗುಬ್ಬಿ ತಡೆದುಕೊಂಡೇ ಒಳಗೆ ಬರುತ್ತಿದ್ದಳು. "ರೀ, ಅವಳು ಮಾಡಿದ ಮೇಲೇ ನಿಮ್ಮ ವಾಕಿಂಗ್ ಶುರು ಆಗ್ಲಿ" ಅಂದೆ. ಗೊಣಗಿದರು, ಮಾಡಿದರು. ಮೊದಲು ಉಚ್ಚೆ, ಆಮೇಲೆ ಒಂದು ಸುತ್ತು. ಮತ್ತೆ ಕಲಿಸುವುದರಲ್ಲಿ, ನನ್ನ ಲೆಕ್ಕದಲ್ಲಿ, ಉಳಿದ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಇದೇ. ಎಳೆ ನಾಯಿ ಒಂದೇ ಸಲಕ್ಕೆ ಪೂರ್ತಿ ಖಾಲಿ ಮಾಡುವುದೂ ಇಲ್ಲ. ಯಾವುದೋ ಎಲೆ ಹಾರಿದರೆ ಅರ್ಧಕ್ಕೇ ಎದ್ದುಬಿಡುತ್ತದೆ. ಆ ಒಂದು ಸುತ್ತಿನಲ್ಲಿ ಇನ್ನೊಂದು ಸಲ ಕೂರುವುದಕ್ಕೆ ಅವಕಾಶ ಸಿಗುತ್ತದೆ.

ಮನೆಯೊಳಗೆ ಮತ್ತೆ ಮರಿಯ ಕಾಲದ ನಿಯಮಗಳು. ನಿದ್ದೆಯಿಂದ ಎದ್ದ ಕೂಡಲೇ ಹೊರಗೆ, ಊಟ ಆದ ಸ್ವಲ್ಪ ಹೊತ್ತಿಗೆ ಹೊರಗೆ, ಆಟದ ನಡುವೆ ಹೊರಗೆ. ಯಾರಾದರೂ ಕಣ್ಣಿಡಲು ಆಗುತ್ತಿದ್ದರೆ ಮಾತ್ರ ಹಾಲ್‌ನಲ್ಲಿ ಓಡಾಟ. ಆಗದಿದ್ದರೆ ಹಗ್ಗದ ತುದಿ ನನ್ನ ಸೊಂಟಕ್ಕೆ, ಇಲ್ಲವೇ ಅವಳ ಹಾಸಿಗೆ ಇರುವ ಚಿಕ್ಕ ಕೋಣೆ. ಮರಿ ಎಷ್ಟು ತಿಂಗಳದ್ದೋ ಅದಕ್ಕೆ ಒಂದು ಸೇರಿಸಿದಷ್ಟು ಗಂಟೆ ತಡೆದುಕೊಳ್ಳುತ್ತದೆ ಅನ್ನುವ ಒಂದು ಲೆಕ್ಕ ಚಾಲ್ತಿಯಲ್ಲಿದೆ. ಮರಿಗೆ ಅದು ಅಂದಾಜಿಗೆ ಸರಿ. ಒಂಬತ್ತು ತಿಂಗಳ ನಾಯಿಯನ್ನು ಹತ್ತು ಗಂಟೆ ಬಿಡಬಹುದು ಅಂತ ಅದನ್ನು ಓದಿಕೊಂಡರೆ ನಾಯಿಗೆ ಹಿಂಸೆ.

ಬೈಯುವ ವಿಷಯಕ್ಕೆ ಮನೆಯಲ್ಲಿ ಒಂದು ದೊಡ್ಡ ಚರ್ಚೆಯೇ ಆಯಿತು. "ಮಾಡಿದ್ದು ತಪ್ಪು ಅಂತ ಅವಳಿಗೆ ಗೊತ್ತು, ಮುಖ ನೋಡಿ ಹೇಗೆ ಮಾಡ್ತಾಳೆ" ಅಂತ ಅತ್ತೆ ಹೇಳುತ್ತಿದ್ದರು. ಮುಖ ನಿಜವಾಗಿಯೂ ಹಾಗೇ ಇರುತ್ತದೆ. ತಲೆ ತಗ್ಗಿಸಿ, ಕಣ್ಣು ಓರೆ ಮಾಡಿ, ಬಾಲ ಒಳಗೆ. ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನುವವರು 2009ರಲ್ಲಿ ಇದನ್ನೇ 14 ನಾಯಿಗಳ ಮೇಲೆ ಪರೀಕ್ಷೆ ಮಾಡಿ ಪ್ರಕಟಿಸಿದ್ದಾರೆ. ತಿಂಡಿ ಇಟ್ಟು ತಿನ್ನಬೇಡ ಅಂತ ಹೇಳಿ ಯಜಮಾನರು ಹೊರಗೆ ಹೋಗುವುದು. ಬಂದಾಗ ನಾಯಿ ತಿಂದಿದೆ ಅಥವಾ ತಿಂದಿಲ್ಲ ಅಂತ ಅವರಿಗೆ ಹೇಳುವುದು, ಕೆಲವೊಮ್ಮೆ ಸುಳ್ಳೇ. ಆ ತಪ್ಪಿತಸ್ಥ ಮುಖ ತಿಂದದ್ದಕ್ಕೂ ತಿನ್ನದ್ದಕ್ಕೂ ಹೊಂದಲಿಲ್ಲ. ಬೈಗುಳಕ್ಕೆ ಹೊಂದಿತು. ಏನೂ ಮಾಡದೆ ಬೈಸಿಕೊಂಡ ನಾಯಿಗಳ ಮುಖದಲ್ಲೇ ಅದು ಎದ್ದು ಕಂಡಿತು. ಅತ್ತೆಗೆ ಇದನ್ನು ಓದಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಮ್ಮನೆ ಮಕ್ಕಳದ್ದೂ ಅದೇ ಇರ್ಬೇಕು" ಅಂದರು.

ಉಚ್ಚೆಯಲ್ಲಿ ಮೂತಿ ಉಜ್ಜುವ ಸಲಹೆ ಕೊಟ್ಟವರೂ ಇದ್ದರು. ಅದರಿಂದ ನಾಯಿ ಕಲಿಯುವುದು ಒಂದೇ. ಮನುಷ್ಯರ ಕಣ್ಣೆದುರು ಉಚ್ಚೆ ಮಾಡುವುದು ಅಪಾಯ. ಆಮೇಲೆ ಹೊರಗೆ ನೀವು ಹಗ್ಗ ಹಿಡಿದು ಎಷ್ಟು ಹೊತ್ತು ನಿಂತರೂ ಮಾಡುವುದಿಲ್ಲ. ಮನೆಗೆ ಬಂದು ಮಂಚದ ಹಿಂದೆ ಹೋಗುತ್ತದೆ. ಒಳಗೆ ಕೂರುವುದು ಕಣ್ಣಿಗೆ ಬಿದ್ದರೆ ಒಮ್ಮೆ ಚಪ್ಪಾಳೆ ತಟ್ಟಿ, "ಬಾ ಬಾ" ಅಂತ ಹೊರಗೆ ಓಡಿಸಿಕೊಂಡು ಹೋಗುತ್ತಿದ್ದೆವು. ಆಮೇಲೆ ಕಂಡರೆ ಮಾತಾಡದೆ ಒರೆಸುವುದು.

ವಯಸ್ಸಿನ ಮೊಂಡಾಟ ಅಂದಿದ್ದರಲ್ಲ ನನ್ನ ಗಂಡ, ಅದು ಪೂರ್ತಿ ಸುಳ್ಳೂ ಅಲ್ಲ. ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಲೂಸಿ ಆಶರ್ ಮತ್ತು ಜೊತೆಗಾರರು 2020ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. 5 ತಿಂಗಳಲ್ಲಿ 'ಕೂರು' ಅಂದರೆ ಕೂರುತ್ತಿದ್ದ ನಾಯಿಗಳು 8 ತಿಂಗಳಾದಾಗ ಸಾಕಿದವರ ಮಾತನ್ನು ಅಷ್ಟಾಗಿ ಕೇಳಲಿಲ್ಲ. ಅಪರಿಚಿತರು ಹೇಳಿದರೆ ಹಾಗಾಗಲಿಲ್ಲ! ಹದಿಹರೆಯದ ಮಕ್ಕಳಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದು ಮಾತು ಕೇಳುವ ವಿಷಯ. ಉಚ್ಚೆಗೆ ಅದನ್ನು ತಂದು ಅಂಟಿಸಿದರೆ ಇನ್ಫೆಕ್ಷನ್ ಹಾಗೇ ಒಳಗೆ ಬೆಳೆಯುತ್ತಾ ಕೂರುತ್ತದೆ. ವಯಸ್ಸು ಅನ್ನುವುದು ಬೇರೆಲ್ಲ ನೋಡಿ ಆದ ಮೇಲೆ ಹೇಳಬೇಕಾದ ಕಾರಣ.

ಇದರ ನಡುವೆ ಮಾವ ಊರಿಂದ ಬಂದರು. ಬಾಗಿಲು ತೆರೆದು "ಏನೇ ಗುಬ್ಬೀ" ಅಂತ ಅವರು ಕೈ ಚಾಚಿ ಬಗ್ಗಿದ ಕೂಡಲೇ ಅವಳು ನೆಲಕ್ಕೆ ಅಂಟಿಕೊಂಡು, ಬಾಲ ಬಡಿಯುತ್ತಲೇ ಒದ್ದೆ ಮಾಡಿದಳು. ಮಗ ನೋಟ್‌ಬುಕ್ ತರಲು ಓಡಿದ. ಇದನ್ನು ಬೇರೆ ಪುಟದಲ್ಲಿ ಬರಿ ಅಂದೆ. ಇದು ಖುಷಿ, ಹೆದರಿಕೆ ಎರಡೂ ಸೇರಿದ್ದು, ನಾಯಿಯ ಹಿಡಿತದಲ್ಲಿ ಇರುವುದಿಲ್ಲ. ಬೈದರೆ ಹೆಚ್ಚುತ್ತದೆ. ಬಂದವರು ಮೊದಲು ಅವಳನ್ನು ನೋಡದೆ ಒಳಗೆ ಬರಬೇಕು, ಅವಳು ತಣ್ಣಗಾದ ಮೇಲೆ ಪಕ್ಕಕ್ಕೆ ತಿರುಗಿ ಕೂತು, ತಲೆ ಮೇಲಿನಿಂದ ಅಲ್ಲದೆ ಗಲ್ಲದ ಕೆಳಗಿನಿಂದ ಮುಟ್ಟಬೇಕು. ಬಹಳಷ್ಟು ನಾಯಿಗಳಲ್ಲಿ ಬೆಳೆಯುತ್ತಾ ತಾನಾಗಿ ಹೋಗುತ್ತದೆ. ಮಾವ ಮಾರನೇ ದಿನದಿಂದ ಹಿತ್ತಿಲ ಕಡೆಯಿಂದ, ಗೋಡೆ ನೋಡಿಕೊಂಡು ಒಳಗೆ ಬರುತ್ತಿದ್ದರು. ಮನೆ ಯಜಮಾನರೇ ಕಳ್ಳರ ಹಾಗೆ ಬರಬೇಕಾಯಿತು ಅಂತ ಬೇಜಾರು ಅವರಿಗೆ.

ಸರಿಹೋದದ್ದು ನೇರ ದಾರಿಯಲ್ಲಿ ಅಲ್ಲ. ಕೆಲವು ದಿನ ಪೂರ್ತಿ ಒಣ ನೆಲ, ಮತ್ತೆ ಒಂದು ದಿನ ಮಳೆ ಬಂತು ಅಂತ ಹೊರಗೆ ಕಾಲಿಡಲು ಒಪ್ಪದೆ ಒಳಗೆ ಮಾಡಿದಳು. ಜೋರು ಶಬ್ದ ಕೇಳಿ ಬೆದರಿ ಓಡಿಬಂದ ದಿನವೂ ಹಾಗೇ ಆಯಿತು. ಮೊದಲಾಗಿದ್ದರೆ ಮತ್ತೆ ಶುರುವಾಯಿತು ಅಂತ ಎಲ್ಲರ ಮುಖ ಸಪ್ಪಗಾಗುತ್ತಿತ್ತು. ಈಗ ನೋಟ್‌ಬುಕ್ ತಿರುವಿದರೆ ಆ ದಿನಕ್ಕೆ ಕಾರಣ ಎದುರಿಗೇ ಇರುತ್ತಿತ್ತು. ಎರಡು ಒದ್ದೆಗಳ ನಡುವಿನ ಅಂತರ ಹೆಚ್ಚುತ್ತಾ ಹೋಯಿತು. ಒಂದು ತಿಂಗಳು ಪೂರ್ತಿ ಖಾಲಿ ಪುಟ ಸಿಕ್ಕ ಮೇಲೆ ಒಂದೊಂದೇ ಕೋಣೆ ಬಿಟ್ಟುಕೊಟ್ಟೆವು, ಹಾಲ್ ಕೊನೆಗೆ. ಹಳೇ ಹುಲ್ಲಿನ ಮೂಲೆಗೆ ಅವಳು ತಾನಾಗಿಯೇ ವಾಪಸ್ ಹೋದಳು. ಬೇರೆ ಯಾವುದೋ ನಾಯಿ ಅಲ್ಲಿ ಮಾಡಿ ಹೋಗಿತ್ತು. ನಮ್ಮ ಓಲೈಕೆಗೆ ಬಗ್ಗದಿದ್ದವಳು ಅದರ ವಾಸನೆಗೆ ಬಗ್ಗಿದಳು.

ಹನ್ನೊಂದನೇ ತಿಂಗಳಲ್ಲಿ ಮತ್ತೆ ಪದೇ ಪದೇ ಕೂರತೊಡಗಿದಾಗ ಎದೆ ಧಸಕ್ ಅಂದಿತು. ಆದರೆ ಈ ಸಲ ಅದೆಲ್ಲ ಹೊರಗೇ. ಮುಕ್ಕರಿಸುವುದು ಇಲ್ಲ, ಉಚ್ಚೆಯ ಬಣ್ಣ ತಿಳಿ. ಪ್ರತಿ ಗಿಡದ ಬುಡಕ್ಕೂ ಒಂಚೂರು ಹಾಕಿ ಮುಂದಕ್ಕೆ. ಹೆಣ್ಣು ನಾಯಿಗಳು ಹೀಟ್‌ಗೆ, ಅಂದರೆ ಬೆದೆಗೆ, ಬರುವ ಮುಂಚೆ ಹೀಗೆ ಅಲ್ಲಲ್ಲಿ ಸುದ್ದಿ ಬಿಡುತ್ತವೆ. ಆದರೂ ಸೌಟು ಹುಡುಕಿ ತೆಗೆದು ಟೆಸ್ಟ್ ಮಾಡಿಸಿದೆವು. ಇನ್ಫೆಕ್ಷನ್ ಇರಲಿಲ್ಲ. ಆ ವಾರದ ಕೊನೆಗೆ ಹಾಸಿಗೆ ಮೇಲೆ ರಕ್ತದ ಚುಕ್ಕಿ ಕಂಡವು. "ಇನ್ನು ಇವಳನ್ನ ಹಗ್ಗ ಇಲ್ದೆ ಹೊರಗೆ ಬಿಡ್ಬೇಡ್ರೋ" ಅಂತ ಅತ್ತೆ ಎಲ್ಲರಿಗೂ ಒಂದು ಸಲ ಹೇಳಿ, ಗೇಟಿಗೆ ತಾವೇ ಚಿಲಕ ಹಾಕಿ ಬಂದರು.